ಜೇಬಿನ ತೇಪೆ

ಆ ಚಿತ್ರ ಕಂಡದ್ದೇ ಆಟೊದವನು ಟೀ ಲೋಟ ಕೆಳಗಿಟ್ಟ.

ಫೋಟೊದವನು ಮೊಬೈಲನ್ನು ಅವನ ಮೂಗಿಗೇ ಹಿಡಿದಿದ್ದ. ಎರಡು ದಿನದಿಂದ ಇದೇ ಆಟೊದಲ್ಲಿ ಸುತ್ತಿ, ಮುಚ್ಚಿದ ಚಿತ್ರಮಂದಿರ, ಹಳಿ ಕಿತ್ತ ಸ್ಟೇಷನ್ನು, ಗಿರಾಕಿಯಿಲ್ಲದೆ ತನ್ನದೇ ಕುರ್ಚಿಯಲ್ಲಿ ತೂಕಡಿಸುವ ಕ್ಷೌರದವನು, ಒಂದನ್ನೂ ಬಿಡದೆ ತೆಗೆದಿದ್ದ. ಊರು ಸಾಯುವುದು ಇವನ ಕಣ್ಣಿಗೆ ಚೆಂದ. ನೂಲಿನ ಮಿಲ್ಲಿನ ಕಡೆ ಮಾತ್ರ ಆಟೊದವನು ಗಾಡಿ ತಿರುಗಿಸಿರಲಿಲ್ಲ, ಹಾವಿದೆ ಎಂದಿದ್ದ. ಆಸಾಮಿ ಇವತ್ತು ಬೆಳಿಗ್ಗೆ ಒಬ್ಬನೇ ನಡೆದು ಹೋಗಿಬಂದಿದ್ದ.

ಚಿತ್ರದಲ್ಲಿ ಪಾಳುಬಿದ್ದ ಮಿಲ್ಲಿನ ಗುಮಾಸ್ತರ ಕೋಣೆ, ಹೊರಗಿನಿಂದ ತೆಗೆದದ್ದು. ಒಡೆದ ಕಿಟಕಿಗೆ ಅಡ್ಡ ಕಟ್ಟಿದ ಹಳದಿ ಹೊದಿಕೆ. ಅದರ ನಡುವೆ ಖಾಕಿ ಅಂಗಿಯ ಜೇಬನ್ನೇ ಕತ್ತರಿಸಿ ಹಾಕಿದ ತೇಪೆ, ಜೇಬಿನ ಮೂಲೆಗೆ ಶಾಯಿಯ ಕಲೆ.

ಅಂಗಿ ಆಟೊದವನ ಭಾವನದು, ಹೊಲಿಗೆ ಅಕ್ಕನದು. ವರ್ಷಗಟ್ಟಲೆ ಆ ಹೊದಿಕೆಯನ್ನೇ ಹೊದ್ದು ಮಲಗಿದ ಭಾವನಿಗೆ ಗುರುತು ಸಿಗದೆ ಇರುತ್ತದೆಯೇ? ಅವನು ಅಕ್ಕನ ಕೈ ಮುರಿದು ಎರಡು ತಿಂಗಳಾಗಿತ್ತು. ತಮ್ಮನ ಮನೆಗೆ ಮೂರು ಸಲ ಹುಡುಕಿ ಬಂದು, ಸಿಕ್ಕರೆ ಈ ಸಲ ಕುತ್ತಿಗೆ ಎಂದು ಹೇಳಿ ಹೋಗಿದ್ದ.

"ಇದನ್ನ ಅಳಿಸಿಬಿಡಿ ಸಾರ್."

ಬೆಳಿಗ್ಗೆಯಷ್ಟೇ ನೆಟ್ಟಿಗೆ ಹಾಕಿದ್ದು, ಆಗಲೇ ಸಾವಿರಾರು ಜನ ನೋಡಿದ್ದಾರೆ ಎಂದು ಫೋಟೊದವನು ಹಿಗ್ಗಿದ. "ಯಾಕೆ ಗುರೂ, ಅಲ್ಲೇನು ನಿಧಿ ಹೂತಿಟ್ಟಿದ್ದೀಯಾ?"

"ನಮ್ಮಕ್ಕ ಇದಾಳೆ ಅಲ್ಲಿ. ಗಂಡನಿಗೆ ಹೆದರಿಕೊಂಡು."

ಫೋಟೊದವನ ನಗು ಇಂಗಿತು. ಚಿತ್ರ ಅಳಿಸಿದ. ಅಳಿಸಿದ ಮೇಲೂ ತಲೆ ಎತ್ತಲಿಲ್ಲ. ಚಿತ್ರದ ಕೆಳಗೆ ಯಾರೋ ಒಬ್ಬ, ಹೆಸರಿಲ್ಲ ಮುಖವಿಲ್ಲ, ಇದು ಯಾವ ಊರು ಎಂದು ಕೇಳಿದ್ದನಂತೆ.

"ನೀವೇನಂದ್ರಿ?"

"ಹೇಳ್ದೆ. ಮಿಲ್ಲಿಗೆ ಹೋಗೋ ದಾರಿನೂ ಹೇಳ್ದೆ. ಒಂಬತ್ತು ಗಂಟೆಗೆ."

ಟೀ ಅಂಗಡಿಯ ಗಡಿಯಾರದಲ್ಲಿ ಹನ್ನೆರಡಾಗಿತ್ತು. ಭಾವನ ಊರಿಂದ ಬೈಕಿನಲ್ಲಿ ನಾಲ್ಕು ಗಂಟೆಯ ದಾರಿ.

ಆಟೊದವನು ಮಿಲ್ಲಿಗೆ ಗಾಡಿ ಓಡಿಸಿದ. ತಮ್ಮನ ಮುಖ ನೋಡಿಯೇ ಅಕ್ಕ ಚಪ್ಪಲಿ ಮೆಟ್ಟಿದಳು. ಹೊದಿಕೆ ಇಲ್ಲೇ ಬಿಡು ಎಂದು ಅವನು ರೇಗಿದ. "ಚಳಿಗೆ ಇದೊಂದೇ ಕಣೋ ಇರೋದು," ಎಂದು ಕಿಟಕಿಯಿಂದ ಬಿಚ್ಚಿಕೊಂಡಳು.

ಹಿಂದಿನ ಗೇಟಿನಿಂದ ಆಟೊ ಹೊರಬಿತ್ತು. ಎದುರಿಗೆ ಒಂದೊಂದು ಬೈಕು ಕಂಡಾಗಲೂ ಅವನು ಗಾಡಿಯನ್ನು ದಾರಿಯ ಅಂಚಿಗೆ ಒತ್ತುತ್ತಿದ್ದ. ಹೆಲ್ಮೆಟ್ಟಿನೊಳಗಿನ ಮುಖ ಯಾರದಾದರೂ ಆಗಬಹುದಿತ್ತು. ಕನ್ನಡಿಯಲ್ಲಿ ನೋಡಿದ. ಅಕ್ಕ ನೆಟ್ಟಗಾಗದ ಕೈಯಲ್ಲಿ ಹೊದಿಕೆ ಒತ್ತಿ ಹಿಡಿದು, ತೇಪೆಯ ದಾರವನ್ನು ಹಲ್ಲಿನಿಂದ ಒಂದೊಂದಾಗಿ ಕಡಿಯುತ್ತಿದ್ದಳು. ಕೊನೆಗೂ ಜೇಬು ಕಿತ್ತುಬಂತು. ಅದನ್ನು ಆಟೊದ ಹೊರಗೆ ಎಸೆದಳು.

ಅದು ಹೋದ ಜಾಗದಲ್ಲಿ, ಮಾಸಿದ ಹೊದಿಕೆಯ ನಡುವೆ, ಬಿಸಿಲು ಕಾಣದ ಬಟ್ಟೆ ಜೇಬಿನ ಆಕಾರದಲ್ಲೇ ಹೊಸ ಹಳದಿಯಾಗಿ ಹೊಳೆಯುತ್ತಿತ್ತು. ಅಕ್ಕ ಅದರ ಮೇಲೆ ಅಂಗೈ ಇಟ್ಟು ಕೂತಳು.