ಮೂರನೇ ಸೀಲು

ಅಕ್ಕನ ಬೈಕಿನ ಮುಂದಿನ ಶಾಕ್ ಅಬ್ಸಾರ್ಬರು ಮತ್ತೆ ಎಣ್ಣೆ ಸೋರುತ್ತಿದೆಯಂತೆ ಎಂದು ಹೆಂಡತಿ ಹೇಳಿದಾಗ ಮೆಕ್ಯಾನಿಕ್‌ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಅವಳು ಅಕ್ಕ ಎನ್ನುವುದು ಇವನ ಅತ್ತಿಗೆಯನ್ನು. ಅತ್ತಿಗೆ ನರ್ಸು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಅಣ್ಣನ ಹಳೇ ಬೈಕೇ ಅವಳಿಗೆ ಕೈಕಾಲು.

ಎಡಗಡೆ ಶಾಕಿನಲ್ಲಿ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ, ಆಯಿಲ್ ಸೀಲು, ಸವೆದಿದೆ ಎಂದು ಇವನೇ ಹೊಸದು ಹಾಕಿದ್ದ. ಹದಿನೈದು ದಿನಕ್ಕೆ ಅದೂ ಸೋರಿತು. "ನೀವು ಹಂಪ್ ಮೇಲೆ ಹಾರಿಸ್ತೀರಿ ಅತ್ತಿಗೆ, ಅದಾದ್ರೂ ಏನು ಮಾಡತ್ತೆ ಪಾಪ!" ಎಂದು ನಕ್ಕು ಇನ್ನೊಂದು ಹಾಕಿಕೊಟ್ಟಿದ್ದ. ಈಗ ಅದರದೂ ಅದೇ ಕಥೆ.

"ಎಣ್ಣೆ ಬ್ರೇಕಿಗೂ ಇಳಿದಿದೆಯಂತೆ ರೀ. ಬೆಳಿಗ್ಗೆ ಹಿಡಿದ್ರೆ ನಿಲ್ಲಲಿಲ್ಲವಂತೆ. ನಿಮ್ಮ ಅಂಗಡಿ ಇನ್ನೂ ತೆಗೆದಿರ್ಲಿಲ್ಲ, ಅದರ ಮುಂದೆ ನಿಲ್ಲಿಸಿ ನಡ್ಕೊಂಡು ಹೋದ್ರಂತೆ," ಎಂದಳು ಹೆಂಡತಿ. "ನೀವು ಹೇಳಿದ್ಮೇಲೆ ಹಂಪ್ ಬಂದಲ್ಲೆಲ್ಲ ಇಳಿದು ತಳ್ಕೊಂಡು ಹೋಗ್ತಿದ್ರಂತೆ, ಪಾಪ."

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅಂಗಡಿಗೆ ಹೋದರೂ ಮೈಮೇಲೆ ಇರುವೆ ಬಿಟ್ಟ ಹಾಗೆ; ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಸೀಲು ತಯಾರಿಸಿದವರನ್ನು ಬೈದ, ರಸ್ತೆಯನ್ನು ಬೈದ, ಸ್ಪ್ಯಾನರ್ ಕೈಗೆ ಸಿಗಲಿಲ್ಲವೆಂದು ಅದನ್ನೂ ಬೈದ. ಚಕ್ರ ಬಿಚ್ಚಿ, ಶಾಕು ಇಳಿಸಿ, ಎಣ್ಣೆ ಸುರಿದು ಎಲ್ಲ ತೊಳೆದ. ಕೊಳವೆಯ ಮೇಲೆ ಉಗುರು ಆಡಿಸಿದ. ಗಾಜಿನಷ್ಟು ನುಣುಪು; ದೋಷ ಅಲ್ಲಿರಲಿಲ್ಲ.

ಸೀಲು ಕೂರುವ ಅಂಚಿನ ಒಳಗೆ ಹತ್ತಿ ಸುತ್ತಿದ ಬೆರಳು ಆಡಿಸಿದ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಟಾರ್ಚ್ ಹಿಡಿದು ನೋಡಿದರೆ ಕೂದಲಿನಷ್ಟು ಸಣ್ಣ ಗೀರು. ಸ್ಕ್ರೂಡ್ರೈವರಿನ ಗೀರು.

ಮೊದಲ ಸಲ ಬಿಚ್ಚಿದ್ದು ನೆನಪಾಯಿತು. ಹಳೇ ಸೀಲು ಗಟ್ಟಿಯಾಗಿ ಕೂತಿದ್ದ ದಿನ ಅದನ್ನು ಎಳೆಯುವ ಕೊಕ್ಕೆ ಎರಡು ಹೆಜ್ಜೆ ದೂರದ ಡ್ರಾಯರಿನಲ್ಲಿತ್ತು. ಯಾರು ಏಳುತ್ತಾರೆ ಎಂದು ಸ್ಕ್ರೂಡ್ರೈವರಿನಲ್ಲೇ ಮೀಟಿದ್ದ. ಅದು ಜಾರಿ ಕಿರ್ರೆಂದಿತ್ತು. ಆ ಸದ್ದು ಕೇಳಿಸಿತ್ತು; ಕೇಳಿಸದವನ ಹಾಗೆ ಇದ್ದುಬಿಟ್ಟಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ನಯವಾದ ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ ಉಜ್ಜಿ ಗೀರಿನಲ್ಲಿ ಎದ್ದಿದ್ದ ಮುಳ್ಳು ತೆಗೆದ. ಅಂಚನ್ನು ಒರೆಸಿ ತೆಳ್ಳಗೆ ಗಮ್ ಸವರಿ, ಮೂರನೇ ಸೀಲನ್ನು ಸರಿಯಳತೆಯ ಪೈಪಿನಿಂದ ಸುತ್ತಲೂ ಸಮವಾಗಿ ತಟ್ಟಿ ಕೂರಿಸಿದ. ಬ್ರೇಕಿಗೂ ಹೊಸ ಪ್ಯಾಡ್ ಹಾಕಿದ. ಹ್ಯಾಂಡಲ್ ಹಿಡಿದು ಐವತ್ತು ಸಲ ಒತ್ತಿ ಬೆರಳಿಟ್ಟು ನೋಡಿದ. ಒಣಗಿತ್ತು. ಆದರೂ ಸಮಾಧಾನವಿಲ್ಲದೆ ಇನ್ನೂ ಐವತ್ತು ಸಲ ಒತ್ತಿದ.

ಸಂಜೆ ಅತ್ತಿಗೆ ಬಂದಳು. ಚಪ್ಪಲಿ ತುಂಬ ಧೂಳು.

"ಆಯ್ತೇನೋ? ಇನ್ಮೇಲೆ ಇನ್ನೂ ನಿಧಾನ ಓಡಿಸ್ತೀನಿ ಬಿಡು."

"ಬೇಡ ಅತ್ತಿಗೆ. ತಪ್ಪು ನಿಮ್ದಲ್ಲ, ನಂದು. ನಾನೇ ಒಳಗೆ ಗೀರು ಹಾಕಿದ್ದೆ."

ಅವಳು ಚಪ್ಪಲಿಯ ಧೂಳು ಕೊಡವಿದಳು. "ಎಣ್ಣೆ ಸೋರಿದ್ದಕ್ಕೆ ಬೇಜಾರಿಲ್ಲ ಕಣೋ. ಒಬ್ಬ ಅಜ್ಜ ನಾನು ಬರೋವರೆಗೂ ಮಗ್ಗುಲು ಬದಲಾಯಿಸದೆ ಕಾಯ್ತಾರೆ, ನೋವಿಗೆ. ದಿನಾ ಅರ್ಧ ಗಂಟೆ ತಡ ಮಾಡ್ದೆ, ನಿನ್ನ ಮಾತು ಕೇಳಿ."

ಅವನು ಬೈಕನ್ನು ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಿದ. ಅವಳು ಬ್ರೇಕ್ ಎರಡು ಸಲ ಹಿಡಿದು ನೋಡಿ ಕೀಲಿ ತಿರುಗಿಸಿದಳು. "ಹೇಳಿದ್ಯಲ್ಲ, ಅಷ್ಟು ಸಾಕು. ಹೋಗಿ ಊಟ ಮಾಡು. ನಿನ್ನ ಹೆಂಡತಿ ಫೋನ್ ಮಾಡಿದ್ಲು."

ಬೈಕು ತಿರುವಿನಲ್ಲಿ ಮರೆಯಾಯಿತು. ಅವನಿಗೆ ಮಾತ್ರ ಅಂಗಡಿಯ ಬಾಗಿಲು ಎಳೆಯುವ ಮನಸ್ಸಾಗಲಿಲ್ಲ. ಇನ್ನು ಯಾರ್‍ಯಾರನ್ನು ಹೀಗೆ ಅವರದೇ ತಪ್ಪೆಂದು ನಕ್ಕು ಕಳಿಸಿದ್ದೇನೆ ಎಂಬ ಯೋಚನೆ ಹತ್ತಿತು. ಹೋದ ವಾರ ಗಾಡಿ ಓಡಿಸೋಕೆ ಬರಲ್ಲವೆಂದು ತನ್ನಿಂದ ಬೈಸಿಕೊಂಡು ಹೋದ ಪೇಪರ್ ಹಾಕುವವನ ನೆನಪಾಯಿತು. ಎಣ್ಣೆಗೈಯಲ್ಲೇ ಫೋನ್ ಹಚ್ಚಿದ.

"ಅಣ್ಣಾ, ನಿಮ್ಮ ಗಾಡೀನ ನಾಳೆ ಒಂದ್ಸಲ ತಗೊಂಡು ಬನ್ನಿ. ಇಲ್ಲ ಇಲ್ಲ, ನಿಮ್ಮ ತಪ್ಪೇನಿಲ್ಲ. ನಾನೇ ಸರಿಯಾಗಿ ನೋಡಿರ್ಲಿಲ್ಲ."