ಸಾಬಮ್ಮನ ಹೆಸರಿನ ಸೀಸೆ

"ನಿಮ್ಮತ್ತೇದು ಪಾಸಿಟಿವ್ ಬಂದಿದೆ ಜಯಮಾಲಾ. ನಿಂದೇನಿಲ್ಲ, ಕ್ಲೀನ್" ಎಂದು ಆಸ್ಪತ್ರೆಯ ಬಿಲ್ಕೀಸ್ ಬಾಗಿಲಲ್ಲಿ ನಿಂತು ಹೇಳಿದಾಗ, ಜಯಮಾಲಾ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಂತಳು. ಎರಡೂ ಸೀಸೆಯಲ್ಲಿದ್ದದ್ದು ಜಯಮಾಲಾಳದ್ದೇ. ಅದು ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು.

ಕೃಷ್ಣರಾಜಪುರದ ರೈಲುಹಳಿಯ ಆಚೆ, ದೊಡ್ಡಮುನಿಯಮ್ಮ ತನ್ನ ರಾಗಿ ಹೊಲದಲ್ಲಿ ಕಟ್ಟಿಸಿ ಬಾಡಿಗೆಗೆ ಕೊಟ್ಟ ಸಾಲುಮನೆಗಳವು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಕೋಣೆಗೊಂದು ಸಂಸಾರದಂತೆ ತುಂಬಿಕೊಂಡಿದ್ದರು. ಎಲ್ಲರಿಗೂ ಸೇರಿ ಒಂದೇ ಬಚ್ಚಲು. ಕೆಲವು ದಿನಗಳ ಹಿಂದೆ ಶಿವಾಜಿನಗರದ ಆಸ್ಪತ್ರೆಯೊಂದರಿಂದ ಬಿಲ್ಕೀಸ್ ಅಲ್ಲಿಗೆ ಸೀಸೆಗಳ ಚೀಲ ಹೊತ್ತು ಬಂದಿದ್ದಳು. "ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ತರೋ ವೈರಸ್ ಇದ್ಯಾ ಅಂತ ಮಷೀನ್ ನೋಡುತ್ತೆ. ಡಾಕ್ಟ್ರ ಮುಂದೆ ಮಲಗೋದೇನೂ ಬೇಡ. ಈ ಬ್ರಷ್ ನೀವೇ ಒಳಗೆ ಹಾಕಿ ತಿರುಗ್ಸಿ, ಸೀಸೆಗೆ ಬಿಡಿ, ಆಯ್ತು" ಎಂದಿದ್ದಳು.

ಬಚ್ಚಲಿಗೆ ಚಿಲಕವಿರಲಿಲ್ಲ. ಹೊರಗೆ ಕೊಡ ಹಿಡಿದ ಹೆಂಗಸರು "ಆತೇನವ್ವಾ?" ಎಂದು ಅವಸರ ಮಾಡುತ್ತಿದ್ದರು. ಜಯಮಾಲಾ ಬ್ರಷ್ಷಿನ ತುದಿ ಮುಟ್ಟಿಸಿದಂತೆ ಮಾಡಿ, ಸೀಸೆಗೆ ಹಾಕಿ ಓಡಿಬಂದಳು. ಅತ್ತೆ ಸಾಬಮ್ಮ ಹಾಗಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಹೊರಗಿದ್ದವರಿಗೆ ಒಳಗಿಂದಲೇ ಬೈಯುತ್ತ, ಸಾವಕಾಶವಾಗಿ ಕೆಲಸ ಮುಗಿಸಿ ಬ್ರಷ್ಷನ್ನೂ ಸೀಸೆಯನ್ನೂ ಸೊಸೆಯ ಕೈಗಿತ್ತು ಹೋದಳು. ಮುಚ್ಚಳ ತೆಗೆಯಲು ಹೋದ ಸೊಸೆಯ ಕೈ ಜಾರಿತು. ಸೀಸೆಗೆ ಹಾಕುವ ಮೊದಲೇ ಬ್ರಷ್ ನೆಟ್ಟಗೆ ಮೋರಿಗೆ ಬಿತ್ತು.

ಇನ್ನೊಮ್ಮೆ ಮಾಡಿ ಎಂದು ಸಾಬಮ್ಮನಿಗೆ ಯಾರು ಹೇಳಬೇಕು? ಒಂದು ಲೋಟ ಒಡೆದರೆ ಸೊಸೆಯ ತವರಿನ ಮೂರು ತಲೆಮಾರನ್ನು ಜಾಲಾಡುವ ಬಾಯಿ ಅದು. ಬಿಲ್ಕೀಸ್ ಬಿಟ್ಟುಹೋದ ಹೆಚ್ಚಿನ ಬ್ರಷ್ ಒಂದಿತ್ತು. ಮಧ್ಯಾಹ್ನ ವಠಾರ ಖಾಲಿಯಾದಾಗ ಜಯಮಾಲಾ, ಆಕೆ ಹೇಳಿಕೊಟ್ಟ ಹಾಗೆಯೇ ನಿಧಾನವಾಗಿ ಮಾಡಿ, ಅತ್ತೆಯ ಹೆಸರು ಅಂಟಿಸಿದ ಸೀಸೆಗೆ ಹಾಕಿಬಿಟ್ಟಳು. ಯಾರದ್ದಾದರೇನು, ಮಷೀನಿಗೆ ಏನು ತಿಳಿಯುತ್ತದೆ ಎಂದುಕೊಂಡಳು, ಪೆದ್ದಿ.

ಈಗ ಒಂದೇ ಮೈಯಿಂದ ಎರಡು ಉತ್ತರ ಬಂದಿತ್ತು. "ಅಕ್ಕಾ, ಆ ಮಷೀನು ತಪ್ಪು ಹೇಳ್ತದೇನು?" ಎಂದು ಕೇಳಿದಳು.

"ಬಹಳ ಕಮ್ಮಿ. ವೈರಸ್ ಇದ್ರೆ ಬಿಡೋದೇ ಇಲ್ಲ ಅಂತಾರೆ ಡಾಕ್ಟ್ರು. ಪಾಸಿಟಿವ್ ಅಂದ್ರೆ ಕ್ಯಾನ್ಸರ್ ಅಂತಲ್ಲ, ಸುಮಾರು ಜನಕ್ಕೆ ತಾನಾಗೇ ಹೋಗ್ಬಿಡುತ್ತೆ. ಆದ್ರೆ ಒಳಗೆ ನೋಡ್ಲೇಬೇಕು. ಅತ್ತೇನ ನಾಳೆ ಕರ್ಕೊಂಡ್ ಬಾ. ನಿಂಗೆ ಚಿಂತೆ ಇಲ್ಲ."

ಚಿಂತೆ ಇಲ್ಲವಂತೆ! ದೊಮ್ಮಲೂರಿನ ಮೇಲ್ಸೇತುವೆ ಕೆಲಸಕ್ಕೆ ಹೋದ ಗಂಡ ಮಾನಪ್ಪ, ಶಾಲೆಗೆ ಹೋದ ಎರಡು ಮಕ್ಕಳು, ತಾನಿಲ್ಲದ ಈ ಕೋಣೆ, ಎಲ್ಲವೂ ಜಯಮಾಲಾಳ ಕಣ್ಣ ಮುಂದೆ ಬಂದವು. ಸುದ್ದಿ ಕೇಳಿ ಅತ್ತೆ ಕೂಗಾಡಿಯಾಳು, ಆ ಗದ್ದಲದಲ್ಲೇ ನಿಜ ಹೇಳಿಬಿಡೋಣ ಎಂದು ಕಾದಳು. ಸಾಬಮ್ಮ ಬೈಯದೆ, ನಾಳೆ ಉಡಲು ಸೀರೆ ತೆಗೆದಿಟ್ಟಳು. ಅದು ಸೊಸೆಯನ್ನು ಇನ್ನಷ್ಟು ಹೆದರಿಸಿತು.

ಮಾರನೆಯ ದಿನ ಬಸ್ಸಿನಲ್ಲಿ ಹಲಸೂರು ಕೆರೆ ದಾಟುವಾಗ ಜಯಮಾಲಾ ಬಾಯಿ ತೆರೆದಳು. "ಅತ್ತಿ, ಒಂದು ಮಾತು..."

"ನಾ ಮೊದಲ ಹೇಳ್ತೀನಿ, ಕೇಳು" ಎಂದಳು ಸಾಬಮ್ಮ, ಕಿಟಕಿಯ ಕಡೆ ನೋಡುತ್ತಲೇ. "ಮುಟ್ಟು ನಿಂತು ಎಷ್ಟೋ ವರ್ಷ ಆಗ್ಯಾದ. ದೀಪಾವಳಿ ಆದಾಗಿಂದ ಮತ್ತ ಕಾಣಾಕತ್ಯಾದ. ಗಂಡ ಸತ್ತ ರಂಡಿಮುಂಡಿ ಹೆಂಗಸು, ಯಾರ ಮುಂದ ಹೇಳ್ಲಿ? ಮಷೀನಿಗಿ ಗೊತ್ತಾತು ನೋಡು. ಅದು ಹೇಳಿರಲಿಲ್ಲಂದ್ರ ಸಾಯೂತನಾ ಬರ್ತಿರಲಿಲ್ಲ ನಾ."

ಈಗ ನಿಜ ಹೇಳಿದರೆ ಮುದುಕಿ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ಹೋಗುತ್ತಾಳೆ. ಹೇಳದಿದ್ದರೆ ತನ್ನ ಹೊಟ್ಟೆಯೊಳಗಿರುವುದನ್ನು ಯಾರೂ ನೋಡುವುದಿಲ್ಲ. ಜಯಮಾಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಕಂಡಕ್ಟರ್ "ಶಿವಾಜಿನಗರ" ಎಂದು ಕೂಗಿದಾಗ ಅತ್ತೆಯ ರಟ್ಟೆ ಹಿಡಿದುಕೊಂಡೇ ಇಳಿದಳು, ಎಲ್ಲಿ ತಪ್ಪಿಸಿಕೊಂಡಾಳೋ ಎಂಬಂತೆ.

ಆಸ್ಪತ್ರೆಯಲ್ಲಿ ಸಾಬಮ್ಮನನ್ನು ಪರದೆಯ ಹಿಂದೆ ಕರೆದೊಯ್ದರು. ಬಹಳ ಹೊತ್ತಾದ ಮೇಲೆ ಡಾಕ್ಟರಮ್ಮ ಕೈಗವಸು ಬಿಚ್ಚುತ್ತ ಹೊರಬಂದರು. "ಗಾಯ ಇದೆಯಮ್ಮ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೀನಿ. ನೋಡಿದ್ರೆ ಒಳ್ಳೇದು ಅನ್ನಿಸ್ತಿಲ್ಲ. ಟ್ರೀಟ್ಮೆಂಟ್ ಬೇಗ ಶುರು ಮಾಡ್ಬೇಕು. ಟೆಸ್ಟ್ ಸರಿಯಾಗಿ ಹಿಡೀತು, ಪುಣ್ಯ."

ಇನ್ನು ತಡೆದುಕೊಳ್ಳುವುದು ಜಯಮಾಲಾಳಿಂದಾಗಲಿಲ್ಲ. "ಅದು ಅತ್ತೀದಲ್ರಿ ಮೇಡಂ. ನಂದು. ಎರಡೂ ನನ್ನವ." ಮೋರಿಗೆ ಬಿದ್ದ ಬ್ರಷ್ಷಿನಿಂದ ಹಿಡಿದು ಎಲ್ಲವನ್ನೂ ಅಳುತ್ತ ಹೇಳಿದಳು.

ಡಾಕ್ಟರಮ್ಮನ ಮುಖ ಕೆಂಪಾಯಿತು, ಆಮೇಲೆ ಸಿಟ್ಟು ಇಳಿಯಿತು. "ನಿನ್ನ ಮೊದಲನೇ ಬ್ರಷ್ ಒಳಗೆ ಹೋಗೇ ಇಲ್ಲ, ಅದಕ್ಕೇ ಕ್ಲೀನ್ ಬಂತು. ಕೊಟ್ಟಿದ್ದನ್ನ ತಾನೇ ಮಷೀನ್ ಓದೋದು? ಹಾಗಾದ್ರೆ ನಿನ್ನನ್ನೂ ಈಗಲೇ ನೋಡ್ಬೇಕು."

ಪರದೆ ಸರಿಯಿತು. ಸಾಬಮ್ಮ ಸೀರೆ ಸರಿಮಾಡಿಕೊಳ್ಳುತ್ತ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಜಯಮಾಲಾ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು.

"ಬಸ್ಸಿನ್ಯಾಗ ಇದ ಹೇಳಾಕ ಬಂದಿದ್ದಿ?"

"ಹೂಂ ಅತ್ತಿ."

"ನಾ ಇಳಿದು ಹೋಗ್ತೀನಂತ ಸುಮ್ಮಾದಿ?"

ಸಾಬಮ್ಮ ಸೊಸೆಯ ಕೈ ಹಿಡಿದು ಮಂಚದ ಬಳಿಗೆ ಎಳೆದೊಯ್ದಳು. ತನ್ನ ಸುದ್ದಿಗೆ ಅಳದಿದ್ದ ಮುದುಕಿಯ ಕಣ್ಣಲ್ಲಿ ಈಗ ನೀರು ತುಂಬಿತ್ತು. "ಏರು" ಎಂದು ಗದರಿದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ನನ್ನ ಚೂರು ಆಮ್ಯಾಲ ನೋಡ್ರಿ. ಇಕಿಗಿ ಸಣ್ಣ ಮಕ್ಕಳವ. ಇಕಿದು ಮೊದಲ ನೋಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ" ಎಂದಳು.