ಹದಿನಾಲ್ಕು ಸಾಲಿನ ಕಲ್ಲು

ಒಂದು ಕೈಯಲ್ಲಿ ಕಾಗದ ನೆನೆಹಾಕಿದ ಬಕೆಟ್ಟು, ಇನ್ನೊಂದರಲ್ಲಿ ಕುಂಚ, ಮಸಿಯ ಡಬ್ಬಿ ಹಿಡಿದು ಬಂದ ಚಂದ್ರಮತಿ ಬಸದಿಯ ಬಾವಿಯ ಹತ್ತಿರ ಗಕ್ಕನೆ ನಿಂತಳು. ಕಲ್ಲು ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಮೊಳದುದ್ದದ ಗುಂಡಿ, ಅದರೊಳಗೆ ಸುಣ್ಣದ ನೀರು.

ಅಂಕಲಿಯಿಂದಾಚೆ, ಕೃಷ್ಣೆಯ ದಂಡೆಯ ಆ ಹಳ್ಳಿಯಲ್ಲಿ ಆ ಕಲ್ಲಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ನೀರಿಗೆ ಬಂದವರು ಅದಕ್ಕೆ ಹಗ್ಗ ಸುತ್ತುತ್ತಿದ್ದರು, ಮುದುಕರು ಬೆನ್ನು ಕೊಟ್ಟು ಕೂರುತ್ತಿದ್ದರು. ಚಿಕ್ಕೋಡಿ ಕಾಲೇಜಿನ ಇತಿಹಾಸದ ವಿರೂಪಾಕ್ಷಪ್ಪ ಸರ್ ಮಾತ್ರ ಅದರ ಮುಂದೆ ಮಂಡಿಯೂರಿ ಕುಳಿತಿದ್ದರು. ಸಾವಿರ ವರ್ಷದ ಹಿಂದೆ ಅನ್ನನೀರು ಬಿಟ್ಟು ವ್ರತದಲ್ಲಿ ದೇಹ ತ್ಯಜಿಸಿದ ಒಬ್ಬ ಜೈನ ಸನ್ಯಾಸಿನಿಯ ನೆನಪಿನ ಶಾಸನ. ಇದುವರೆಗೆ ಯಾರೂ ಓದಿ ಪ್ರಕಟಿಸಿರಲಿಲ್ಲ. ದೀಪಾವಳಿ ರಜೆಯಲ್ಲಿ ಚಂದ್ರಮತಿ ಒಂಬತ್ತು ಸಾಲು ನೋಟಬುಕ್ಕಿಗೆ ಇಳಿಸಿಕೊಂಡಿದ್ದಳು. ಸರ್ ಬುಡ ಕೆದರಿ ಎಣಿಸಿದ್ದ ಇನ್ನೈದು ಸಾಲು ಮಣ್ಣಿನೊಳಗಿದ್ದವು. ಆ ಸನ್ಯಾಸಿನಿಯ ಹೆಸರೂ ಅಲ್ಲೇ ಇರಬೇಕು ಎಂದಿದ್ದರು ಸರ್.

ಇತಿಹಾಸ ಮೇಜರ್ ಹಿಡಿದವರು ಕೊನೆಯ ವರ್ಷ ಪೇಪರುಗಳ ಜೊತೆ ಸ್ಥಳೀಯ ಪ್ರಬಂಧವೊಂದನ್ನು ಕೊಡಲೇಬೇಕು. ಕೊಡದಿದ್ದರೆ ಉಳಿದದ್ದರಲ್ಲಿ ನೂರಕ್ಕೆ ನೂರು ಬಂದರೂ ಡಿಗ್ರಿ ಇಲ್ಲ. "ಬರೇ ಕೈಬರಹ ನಡ್ಯೂದಿಲ್ಲವ್ವಾ," ಎಂದು ಸರ್ ನಿನ್ನೆಯೂ ಎಚ್ಚರಿಸಿದ್ದರು. "ಕಲ್ಲಿಗೆ ಹಸಿ ಕಾಗದ ಬಡದು, ಮಸಿ ಹಚ್ಚಿ ತಗದ ಅಚ್ಚು ಬೇಕು. ಹದಿನಾಕೂ ಸಾಲಿಂದು. ಪ್ರಬಂಧ ಸೋಮವಾರ ಧಾರವಾಡ ಯುನಿವರ್ಸಿಟಿಗೆ ಹೋಗಬೇಕು, ನೋಡು."

ಮದುವೆಗೆಂದು ಅರ್ಧಕ್ಕೆ ಬಿಟ್ಟ ಬಿ.ಎ. ಅದು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸಕ್ಕಿದ್ದ ಗಂಡ ಮೂರೇ ವರ್ಷಕ್ಕೆ ತೀರಿಕೊಂಡ. ಅವಳು ತವರಿಗೆ ಬಂದಳು. ಹಳೆಯ ಸಿಲಬಸ್ಸಿನವರಿಗೆ ಈ ಎಂಬತ್ತೊಂಬತ್ತರ ಪರೀಕ್ಷೆಯೇ ಕೊನೆ. ಪಾಸಾದರೆ ಬೆಳಗಾವಿಯಲ್ಲಿ ಬಿ.ಎಡ್., ಆಮೇಲೊಂದು ಶಾಲೆ, ತನ್ನದೇ ಒಂದು ಖೋಲಿ. ಇಲ್ಲದಿದ್ದರೆ ಅಣ್ಣನ ಹೆಂಡತಿಯ ಒಲೆ ಮುಂದೆ ಮುದುಕಿಯಾಗಬೇಕು.

"ಬಂದಿ ಏನವ್ವಾ ಬಾಳಾ?" ಬಸದಿಯ ಪೌಳಿಯಿಂದ ಅಪ್ಪ ಆಬಾಸಾಹೇಬ ಕರೆದರು. ನಾಳೆ ಮುನಿ ಮಹಾರಾಜರು ಊರಿಗೆ ಬರುವವರು. ಹದಿನೈದು ದಿನದಿಂದ ಬಸದಿಗೆ ಸುಣ್ಣಬಣ್ಣ ನಡೆದಿತ್ತು. ಅಷ್ಟು ದಿನವೂ ಚಿಕ್ಕೋಡಿಯಲ್ಲೇ ಓದಿಗೆ ಕೂತಿದ್ದ ಅವಳು ಇತ್ತ ಬಂದಿರಲಿಲ್ಲ. "ಮಹಾರಾಜರ ಮುಂದನ ತೋರಸಬೇಕಂತಿದ್ನಿ. ನೀನ ಬಂದೀದಿ. ಬಾ, ನೋಡ ಬಾ."

ಬಾಗಿಲ ಬಲಕ್ಕೆ ಗೋಡೆಯಲ್ಲಿ ಅದೇ ಕಲ್ಲು ಕೂತಿತ್ತು. ಗುರುತು ಸಿಗದ ಹಾಗೆ ನುಣ್ಣಗಾಗಿತ್ತು. ದಾನ ಕೊಟ್ಟವರ ಹೆಸರು ಕೊರೆಯುವುದು ಅಲ್ಲಿಯ ರೂಢಿ. ಹಳದಿ ಬಣ್ಣ ತುಂಬಿದ ಹೊಸ ಅಕ್ಷರಗಳು ಇನ್ನೂ ಹಸಿಯಾಗಿದ್ದವು: 'ಶ್ರೀಮತಿ ಚಂದ್ರಮತಿ, ಬಿ.ಎ. ಇವರ ಸೇವೆ'.

"ಗಂಡನ್ನ ತಿಂದಾಕಿ ಅಂತಿದ್ರಲ್ಲ ಮಂದಿ," ಅಪ್ಪ ಅಕ್ಷರಗಳ ಕಡೆ ಕೈ ಮಾಡಿದರು. "ಇನ್ನ ಒಳಗ ಹೋಗೂ ಮುಂದ ಬಿ.ಎ. ಅಂತ ಓದೇ ಹೋಗಬೇಕು."

"ಅಪ್ಪಾ, ಇದರ ಮ್ಯಾಲಿನ ಹಳೇ ಅಕ್ಷರಾ?"

"ಅವನ್ನ ನೀ ದೀಪಾವಳಿಯೊಳಗ ಬರಕೊಂಡಿದ್ದೆಲ್ಲ? ನಿನ್ನ ಕೆಲಸ ಮುಗೀತಂತ ತಿಳದ್ನಿ. ಮ್ಯಾಗಿಂದ ಕೆಳತನಾ ಉಳಿ ಆಡಿಸಿ ತಗಸೀನಿ. ನೀ ಮುಟ್ಟಿ ಓದಿದ ಕಲ್ಲು, ನಿನ್ನ ಹೆಸರಿಗೆ ಇದ ಇರ್ಲಿ ಅಂದ್ನಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದನ್ನು ಕಸಿದವರೂ ಕೈತುತ್ತು ಕೊಟ್ಟು ಸಾಕಿದ ಅಪ್ಪನೇ. ಬಾಯಿ ಮುಚ್ಚಿಕೊಂಡು ಹೋಗಬೇಕೆಂದೇ ಇದ್ದಳು. ಆಗಲಿಲ್ಲ.

"ಆ ಅಕ್ಷರಾನ ನನ್ನ ಪರೀಕ್ಷಾ ಇತ್ರಿ ಅಪ್ಪಾ," ಎಂದಳು. "ಅಚ್ಚು ಕೊಡದಿದ್ರ ಬಿ.ಎ. ಇಲ್ಲ. ಮುಂದಿನ ವರ್ಷಾನೂ ಇಲ್ಲ. ಇನ್ನ ಯಾವತ್ತೂ ಇಲ್ಲ."

ಆಬಾಸಾಹೇಬ ಮಗಳನ್ನು ನೋಡಿದರು, ಬಕೆಟ್ಟು ನೋಡಿದರು. ಆಮೇಲೆ ಕಟ್ಟೆಯ ಮೇಲೆ ಉಳಿ ಸುತ್ತಿಡುತ್ತಿದ್ದ ಕಲ್ಲುಕುಟಿಗ ಜಕ್ಕಪ್ಪನ ಕಡೆ ತಿರುಗಿದರು.

"ಜಕ್ಕಪ್ಪಾ, ಮೊದಲಿನ ಅಕ್ಷರಾ ತಿರುಗಿ ಬರೂಹಂಗ ಏನರ ಮಾಡಾಕ ಆಗತೈತೇನೋ?"

"ಎಲ್ಲಿಂದ ಬರ್ತಾವ್ರಿ ಸಾವಕಾರ್ರ? ಪುಡಿಯಾಗಿ ಹೋಗ್ಯಾವ."

"ಹಂಗಾರ ಈ 'ಬಿ.ಎ.' ಅಷ್ಟರ ಅಳಸು. ನಾಳೆ ಮಂದಿ ಓದತಾರ. ಆಕಿ ಸುಳ್ಳ ಬರಸಿಕೊಂಡ್ಳು ಅನ್ನಬಾರದು."

"ಅಳಸೂದಂದ್ರ ಇಡೀ ಕಲ್ಲ ಇನ್ನ ಅರ್ಧ ಇಂಚ ಇಳಸಬೇಕ್ರಿ. ಅಕ್ಕಾರ ಹೆಸರೂ ಹೋಗತೈತಿ."

ಆಬಾಸಾಹೇಬ ಗೋಡೆಯ ಹತ್ತಿರ ಹೋಗಿ, ನಾಳೆಗೆಂದು ಮಡಿ ಮಾಡಿಸಿದ ಬಿಳಿ ಧೋತರದ ಚುಂಗಿನಿಂದ ಆ ಎರಡು ಅಕ್ಷರಗಳನ್ನು ತಿಕ್ಕತೊಡಗಿದರು.

"ಬ್ಯಾಡ್ರಿ ಅಪ್ಪಾ. ಇರ್ಲಿ ಬಿಡ್ರಿ," ಎಂದಳು ಚಂದ್ರಮತಿ.

ಅವರು ಬಿಡಲಿಲ್ಲ. ಹಳದಿ ಬಣ್ಣವೆಲ್ಲ ಧೋತರಕ್ಕೆ ಬಂತು. ಬಕೆಟ್ಟಿನಲ್ಲಿ ಕಾಗದ ನೆನೆದು ಮುದ್ದೆಯಾಗುತ್ತಿತ್ತು. ಕಲ್ಲಿನ ಮೇಲೆ ಬಣ್ಣವಿಲ್ಲದ 'ಬಿ.ಎ.' ಆಳವಾಗಿ ಹಾಗೆಯೇ ಇತ್ತು.